ಬೆಳಗಿನ 7:20ರ ಬಸ್ ನಿಂತು ಮೂರು ತಿಂಗಳು. ದುಡ್ಡಿಲ್ವಾ, ಪ್ಲಾನಿಂಗ್ ಇಲ್ವಾ?

ಹುಣಸೇಮರ ಸ್ಟಾಪ್ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ತಾಲ್ಲೂಕು ಕೇಂದ್ರದಿಂದ 28 ಕಿಲೋಮೀಟರ್. ಊರಿನ ಹೆಸರು, ಡಿಪೋ ಹೆಸರು ಬರೆಯಲ್ಲ. ಅಲ್ಲಿ ಕೆಲಸ ಮಾಡೋರು ಅರ್ಧ ಜನ ಗೊತ್ತಿರೋರೇ, ನಾಳೆ ಯಾವುದಾದ್ರೂ ಮದುವೆ ಮನೇಲಿ ಎದುರುಬದುರು ಊಟಕ್ಕೆ ಕೂರಬೇಕು. ನಾನು ಹೈಸ್ಕೂಲಿಗೆ ಹೋಗ್ತಿದ್ದ ಕಾಲದಿಂದ ಬೆಳಿಗ್ಗೆ 7:20ಕ್ಕೆ ಒಂದು ಬಸ್ಸಿತ್ತು. ರಾತ್ರಿ 8:30ಕ್ಕೆ ಬಂದು ನಮ್ಮೂರಲ್ಲೇ ಹಾಲ್ಟ್. ಡ್ರೈವರ್, ಕಂಡಕ್ಟರ್ ಇಬ್ಬರೂ ಪಂಚಾಯ್ತಿ ಕಟ್ಟೆ ಪಕ್ಕದ ರೂಮಲ್ಲಿ ಮಲಗೋರು. ನಮ್ಮಮ್ಮ ಎಷ್ಟೋ ಸಲ ಸಾರು ಕಳಿಸಿದ್ದಾರೆ.

ಮೂರು ತಿಂಗಳಿಂದ ಆ ಬಸ್ ಇಲ್ಲ. ಮೊದಲ ವಾರ ಕೇಳಿದ್ರೆ "ಗಾಡಿ ಬ್ರೇಕ್‌ಡೌನ್" ಅಂದ್ರು. ಆಮೇಲೆ "ಡ್ರೈವರ್ ಶಾರ್ಟೇಜ್". ಹೋದ ವಾರ ನಾನೇ ಹೋಗಿ ಕೂತೆ, ಆಗ ನಿಜ ಬಾಯಿಗೆ ಬಂತು: "ಆ ಟ್ರಿಪ್ಪಲ್ಲಿ ಕಲೆಕ್ಷನ್ನೇ ಇಲ್ಲ ಕಣ್ರೀ."

ಕಲೆಕ್ಷನ್ ಇಲ್ವಂತೆ! ಆ ಬಸ್ಸಲ್ಲಿ ಫುಟ್‌ಬೋರ್ಡ್ ಮೇಲೆ ಒಂದು ಕಾಲು ಇಟ್ಕೊಂಡು ನಾನೇ ಹೋಗಿದ್ದೀನಿ. ಈಗ ಮುಂದಿನ ಬಸ್ 9:05ಕ್ಕೆ. ಅಣ್ಣನ ಮಗಳು ಫಸ್ಟ್ ಪಿಯುಸಿ, ಕಾಲೇಜ್ ಶುರು 9 ಗಂಟೆಗೆ. ಲಗೇಜ್ ಆಟೋದವನು ತಲೆಗೆ 60 ರೂಪಾಯಿ ತಗೋತಾನೆ, ಹಿಂದೆ ತರಕಾರಿ ಚೀಲದ ಮೇಲೆ ಕೂರಿಸ್ತಾನೆ.

ಕೇಳೋದಿಷ್ಟೆ. ಬಸ್ಸಿಗೆ ಸರ್ಕಾರದಿಂದ ಸಾವಿರಾರು ಕೋಟಿ ಬರ್ತಿದೆ ಅಂತ ದಿನಾ ಪೇಪರಲ್ಲಿ ಓದ್ತೀವಿ. ತುಂಬಿದ ಬಸ್ ಲಾಸಲ್ಲಿದೆ ಅಂತ ನಿಲ್ಲಿಸ್ತಾರೆ. ಈ ಲೆಕ್ಕ ಯಾರಿಗಾದ್ರೂ ಅರ್ಥ ಆಗಿದ್ರೆ ಹೇಳಿ.

ಕಡೇ ಸೀಟು · ರಾತ್ರಿ 9:20

ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ? ಹೆಂಗಸರಿಗೆ ಬಸ್ ಫ್ರೀ ಕೊಟ್ರು, ಸಾರಿಗೆ ನಿಗಮ ಮುಳುಗಿತು. ಕ್ಲೋಸ್.

ಕಾಫಿಪುಡಿ · ರಾತ್ರಿ 9:31

ಬಂದ್ರು ನೋಡಿ. ಸ್ವಾಮಿ, ಆ ಫ್ರೀ ಬಸ್ಸಿನ ಶಕ್ತಿ ಯೋಜನೆ ಬಂದಿದ್ದು 2023ರ ಜೂನ್ 11ಕ್ಕೆ. ನಮ್ಮ ಕಡೆ ಮಧ್ಯಾಹ್ನದ ಬಸ್ ನಿಂತಿದ್ದು ಕೋವಿಡ್ ಲಾಕ್‌ಡೌನಲ್ಲಿ, ಇವತ್ತಿನವರೆಗೂ ವಾಪಸ್ ಬಂದಿಲ್ಲ. ಅದಕ್ಕೂ ನಾವೇ ಕಾರಣನಾ?

ನಾನು ಗಾರ್ಮೆಂಟ್ಸಲ್ಲಿ ಲೈನ್ ಸೂಪರ್‌ವೈಸರ್. ನನ್ನ ಲೈನಿನ ಹೆಣ್ಮಕ್ಕಳು ತಿಂಗಳಿಗೆ ಬಸ್ಸಿಗೇ ಸಾವಿರ, ಸಾವಿರದೈನೂರು ಇಡ್ತಿದ್ರು. ಈಗ ಆ ದುಡ್ಡಲ್ಲಿ ಮಗುವಿನ ಟ್ಯೂಷನ್ ಫೀಸ್ ಕಟ್ತಾರೆ. ಫ್ರೀ ಅಲ್ಲ ಅದು, ಸರ್ಕಾರ ನಿಗಮಕ್ಕೆ ಟಿಕೆಟ್ ದುಡ್ಡು ಕಟ್ಟಿಕೊಡುತ್ತೆ.

ಕಡೇ ಸೀಟು · ರಾತ್ರಿ 9:36

ಕಟ್ಟಿಕೊಡುತ್ತಾ? ಪೂರ್ತಿ? ಯಾವಾಗ? ಐರಾವತದಲ್ಲೂ ಫ್ರೀ, ಚೆನ್ನೈ ಬಸ್ಸಲ್ಲೂ ಫ್ರೀ ಅಂದ್ರೆ ಎಲ್ಲಿಂದ ಬರಬೇಕು ದುಡ್ಡು?

ಕಾಫಿಪುಡಿ · ರಾತ್ರಿ 9:38

ಐರಾವತದಲ್ಲಿ ಫ್ರೀ ಇಲ್ಲ. ಹೊರ ರಾಜ್ಯದ ಬಸ್ಸಲ್ಲೂ ಇಲ್ಲ. ಸಾಮಾನ್ಯ ಬಸ್, ವೇಗದೂತ, ನಗರ ಸಾರಿಗೆ, ಅದೂ ರಾಜ್ಯದೊಳಗೆ ಮಾತ್ರ. ಒಂದು ಸಲನಾದ್ರೂ ಹತ್ತಿ ನೋಡಿ ಸರ್.

ಸಿಲ್ಕ್ ಬೋರ್ಡ್ ಸಂತ್ರಸ್ತ · ರಾತ್ರಿ 9:50

ಇಬ್ಬರೂ ಟೀ ಕುಡೀರಿ. ಬೆಂಗಳೂರಲ್ಲಿ ನಮಗೆ ಬಸ್ ಇದೆ, ರೋಡ್ ಇಲ್ಲ. ಹುಣಸೇಮರ ಅವರಿಗೆ ರೋಡ್ ಇದೆ, ಬಸ್ ಇಲ್ಲ. ಎಕ್ಸ್‌ಚೇಂಜ್ ಮಾಡ್ಕೊಳೋಣ್ವಾ?

ನಿವೃತ್ತ ಟಿಸಿ · ಸೋಮವಾರ ಬೆಳಿಗ್ಗೆ 6:05

ಹುಣಸೇಮರದವರೇ, ನಾನು 31 ವರ್ಷ ಸಾರಿಗೆಯಲ್ಲಿ ಇದ್ದವನು. ಕಂಡಕ್ಟರ್ ಆಗಿ ಸೇರಿ ಟ್ರಾಫಿಕ್ ಕಂಟ್ರೋಲರ್ ಆಗಿ ನಿವೃತ್ತಿ. ನಿಮ್ಮ ಡಿಪೋದವರು ಸುಳ್ಳು ಹೇಳಿಲ್ಲ. ನೀವು ಹೇಳೋದೂ ನಿಜ. ಎರಡೂ ಹೇಗೆ ನಿಜ ಅಂತ ಹೇಳ್ತೀನಿ.

ಡಿಪೋದಲ್ಲಿ ಪ್ರತಿ ಶೆಡ್ಯೂಲಿಗೂ ಒಂದು ಇಪಿಕೆಎಂ ಬರೆಯುತ್ತಾರೆ. ಅಂದರೆ ಒಂದು ಕಿಲೋಮೀಟರ್ ಓಡಿದ್ದಕ್ಕೆ ಎಷ್ಟು ರೂಪಾಯಿ ಬಂತು ಅಂತ. ಕಂಡಕ್ಟರ್ ರಾತ್ರಿ ವೇಬಿಲ್, ಅಂದರೆ ಟಿಕೆಟ್ ಲೆಕ್ಕದ ಹಾಳೆ ಜೊತೆ ದುಡ್ಡು ಕಟ್ಟಿದಾಗ ಮೆಷಿನ್ನಿನಲ್ಲಿ ಟ್ರಿಪ್ಪುವಾರು ಬರುತ್ತೆ. ಈಗ ನಿಮ್ಮ 7:20ರಲ್ಲಿ ಯಾರು ಹತ್ತುತ್ತಾರೆ? ಹುಡುಗರು, ಪಾಸ್ ಇದೆ. ಪಾಸಿನ ರಿಯಾಯಿತಿ ಹಣ ಸರ್ಕಾರದಿಂದ ಕೇಂದ್ರ ಕಚೇರಿಗೆ ಹೋಗುತ್ತೆ, ನಿಮ್ಮ ಟ್ರಿಪ್ಪಿನ ಲೆಕ್ಕದಲ್ಲಿ ಅದು ಬೀಳಲ್ಲ. ಹುಡುಗಿಯರು, ಹೆಂಗಸರು: ಶಕ್ತಿಯ ಶೂನ್ಯ ಟಿಕೆಟ್, ಅಂದರೆ ದುಡ್ಡಿಲ್ಲದೆ ಹರಿಯೋ ಟಿಕೆಟ್ ಕೊಟ್ಟರೆ ಮಾತ್ರ ಅದರ ಮೌಲ್ಯ ಲೆಕ್ಕಕ್ಕೆ ಬರುತ್ತೆ. 80 ಜನ ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಕಂಡಕ್ಟರ್ ಬರೋ ಹೊತ್ತಿಗೆ ಅರ್ಧ ಜನ ಇಳಿದಿರುತ್ತಾರೆ. "ಫ್ರೀ ತಾನೆ, ಟಿಕೆಟ್ ಯಾಕೆ" ಅನ್ನೋರೂ ಇದ್ದಾರೆ. ಟಿಕೆಟ್ ಕೀಳಲಿಲ್ಲ ಅಂದರೆ ಆ ಪ್ರಯಾಣಿಕ ಬಸ್ಸಿನಲ್ಲಿ ಇರಲೇ ಇಲ್ಲ, ಅಷ್ಟೆ.

ಹಾಗಾಗಿ ನಿಮ್ಮ ಕಣ್ಣಿಗೆ ತುಂಬಿದ ಬಸ್ಸು, ವೇಬಿಲ್ಲಿನಲ್ಲಿ ಖಾಲಿ ಬಸ್ಸು.

ಈಗ ಖರ್ಚು ನೋಡಿ. ಹೋಗಿ ಬಂದು 56 ಕಿಮೀ. ಹಳ್ಳಿ ರೋಡಿನಲ್ಲಿ ಲೀಟರಿಗೆ 5 ಕಿಮೀ ಕೊಟ್ಟರೆ ದೊಡ್ಡದು. ಡೀಸೆಲ್ 91 ರೂಪಾಯಿ ಹಿಡಿದರೂ ಸಾವಿರ ರೂಪಾಯಿ ಡೀಸೆಲ್ಲಿಗೇ ಹೋಯಿತು. ಸಂಬಳ, ಟೈರು, ಬಿಡಿಭಾಗ ಬೇರೆ. ನೈಟ್ ಹಾಲ್ಟ್ ಅಂದರೆ ಭತ್ಯೆ ಬೇರೆ. ಡಿಪೋ ಮ್ಯಾನೇಜರ್ ಮೀಟಿಂಗಿಗೆ ಹೋದಾಗ ವಿಭಾಗದವರು ಕೇಳೋದು "ನಿಮ್ಮ ಕಡೆಯ ಹತ್ತು ಶೆಡ್ಯೂಲ್ ಯಾಕೆ ಇಷ್ಟು ಕಡಿಮೆ" ಅಂತ. "ಎಷ್ಟು ಮಕ್ಕಳು ಕಾಲೇಜಿಗೆ ಹೋದರು" ಅಂತ ನನ್ನ ಸರ್ವೀಸಿನಲ್ಲಿ ಒಬ್ಬರೂ ಕೇಳಿದ್ದು ನೆನಪಿಲ್ಲ.

ಹುಣಸೇಮರ ಸ್ಟಾಪ್ · ಬೆಳಿಗ್ಗೆ 6:40

ಸರ್, ಮೂರು ತಿಂಗಳಲ್ಲಿ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಅಂದ್ರೆ ಅಣ್ಣನ ಮಗಳು ಶೂನ್ಯ ಟಿಕೆಟ್ ಕೇಳಿ ಇಸ್ಕೋಬೇಕಿತ್ತಾ?

ಮೇಡಂ ಕಂಡಕ್ಟರ್ · ಬೆಳಿಗ್ಗೆ 7:15

ಇಸ್ಕೋಬೇಕು ಅಣ್ಣ, ಕಡ್ಡಾಯವಾಗಿ ಇಸ್ಕೋಬೇಕು. ಚೆಕಿಂಗ್ ಬಂದಾಗ ಟಿಕೆಟ್ ಇಲ್ಲದ ಹೆಂಗಸರು ಸಿಕ್ಕಿದ್ರೆ ಮೆಮೋ ಬೀಳೋದು ನಮಗೆ. ಆಧಾರ್ ತೋರ್ಸಿ ಅಂದ್ರೆ "ನಿಮಗೇನು ನಿಮ್ಮಪ್ಪನ ದುಡ್ಡಾ" ಅಂತಾರೆ. ಇನ್ನೊಂದು ಕಡೆ, ಜನ ಇಲ್ಲದಿದ್ರೂ ಶೂನ್ಯ ಟಿಕೆಟ್ ಹರಿದು ಕಲೆಕ್ಷನ್ ತೋರ್ಸಿದವರು ಸಸ್ಪೆಂಡ್ ಆಗಿದ್ದಾರೆ. ಜಾಸ್ತಿ ಹರಿದ್ರೂ ಕಷ್ಟ, ಕಮ್ಮಿ ಹರಿದ್ರೂ ಕಷ್ಟ.

ಬೆಳಗಿನ ಕಾಲೇಜ್ ಟ್ರಿಪ್ಪಲ್ಲಿ ಒಂದು ದಿನ ನನ್ನ ಬ್ಯಾಗಿನ ಬೆಲ್ಟೇ ಕಿತ್ತು ಹೋಯ್ತು. ಚಿಲ್ಲರೆ ಎಲ್ಲ ಕಾಲಡಿ. ಬಗ್ಗೋಕೂ ಜಾಗ ಇಲ್ಲ. ಹುಡುಗರು ಒಂದೊಂದೇ ಹೆಕ್ಕಿ ಕೈಯಿಂದ ಕೈಗೆ ದಾಟಿಸಿ ಕೊಟ್ರು. 14 ರೂಪಾಯಿ ಶಾರ್ಟ್ ಬಂತು ಅಷ್ಟೆ.

ಕೋಳಿಸಾರು · ಬೆಳಿಗ್ಗೆ 7:40

ಟಿಕೆಟ್ ಅಂದ್ರೆ ನೆನಪಾಯ್ತು. 2024ರಲ್ಲಿ ಬೆಂಗಳೂರು–ಮೈಸೂರು ಬಸ್ಸಲ್ಲಿ ಅಜ್ಜಿ, ಮೊಮ್ಮಗಳಿಗೆ ಶೂನ್ಯ ಟಿಕೆಟ್, ಅವರ ಪಂಜರದಲ್ಲಿದ್ದ ನಾಲ್ಕು ಲವ್ ಬರ್ಡ್ಸಿಗೆ 444 ರೂಪಾಯಿ ಟಿಕೆಟ್ ಹರಿದಿದ್ರಲ್ಲ. ಆ ಶೆಡ್ಯೂಲಿನ ಇಪಿಕೆಎಂ ಚೆನ್ನಾಗಿ ಬಂದಿರಬೇಕು. ಹುಣಸೇಮರ ಅವರೇ, ಊರವರೆಲ್ಲ ಒಂದೊಂದು ಕೋಳಿ ಹಿಡ್ಕೊಂಡು ಹತ್ತಿ, ಬಸ್ ವಾಪಸ್ ಬರುತ್ತೆ.

ಮೇಡಂ ಕಂಡಕ್ಟರ್ · ಬೆಳಿಗ್ಗೆ 7:44

😂 ಕೋಳಿಗೆ ಅರ್ಧ ಟಿಕೆಟ್ ಸರ್. ರೂಲ್ಸ್ ರೂಲ್ಸೇ.

ಕರಾವಳಿ ಬೆಲ್ · ಬೆಳಿಗ್ಗೆ 10:22

ನಿಮ್ಮದೆಲ್ಲ ಸುಖದ ಕಷ್ಟ ಮಾರಾಯ್ರೆ. ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಹೆಚ್ಚಿನ ರೂಟಲ್ಲಿ ಓಡುವುದೇ ಖಾಸಗಿ ಬಸ್. ಶಕ್ತಿ ಬಂತು ಅಂತ ಟಿವಿಯಲ್ಲಿ ನೋಡಿದ್ದು ಮಾತ್ರ. ಬೀಡಿ ಕಟ್ಟುವವರು, ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು ಈಗಲೂ ಪೂರ್ತಿ ಟಿಕೆಟ್ ಕೊಟ್ಟೇ ಹೋಗುವುದು. ಸರ್ಕಾರಿ ಬಸ್ ಬೇಕಾದರೆ ಆ ನರ್ಮ್ (ಕೇಂದ್ರದ ನಗರ ಯೋಜನೆಯಲ್ಲಿ ಬಂದ) ಬಸ್ ಒಂದು, ಅದಕ್ಕೆ ಕಾದು ಕೂತರೆ ಸಂಜೆ ಆಗ್ತದೆ.

ಆದರೆ ಒಂದು ಮಾತು ಉಂಟು. ಜನ ಇದ್ದ ಕಡೆ ಖಾಸಗಿಯವರು ಐದೈದು ನಿಮಿಷಕ್ಕೆ ಬಸ್ ಬಿಡ್ತಾರೆ. ಟೈಮಿಂಗ್ ಅಂದ್ರೆ ಟೈಮಿಂಗ್. ಎರಡು ನಿಮಿಷ ಲೇಟಾದ್ರೆ ಹಿಂದಿನ ಬಸ್ಸಿನವ ಬಂದು ಜಗಳ ಮಾಡ್ತಾನೆ. ನಿಮ್ಮ 7:20 ಬಸ್ಸಿಗೆ 80 ಜನ ಇದ್ರೆ ನಮ್ಮಲ್ಲಿ ನಾಲ್ಕು ಜನ ಪರ್ಮಿಟ್ಟಿಗೆ ಅರ್ಜಿ ಹಾಕ್ತಿದ್ರು.

ನಿವೃತ್ತ ಟಿಸಿ · ಬೆಳಿಗ್ಗೆ 10:50

80 ಜನರಲ್ಲಿ ದುಡ್ಡು ಕೊಡೋರು ಏಳೆಂಟು ಜನ ಅಂದಾಗಲೂ ಹಾಕುತ್ತಾರಾ? ಮಧ್ಯಾಹ್ನ ಖಾಲಿ ಹೊಡೀಬೇಕು. ಭಾನುವಾರ ರಜ ಮಾಡುವಂತಿಲ್ಲ. ನಿಮ್ಮ ಕಡೆಯೂ ಒಳರಸ್ತೆಯ ಖಾಸಗಿ ಬಸ್ಸು ಕೋವಿಡ್ ಆದ ಮೇಲೆ ಎಷ್ಟು ಉಳಿದಿದೆ ಹೇಳಿ.

ಕರಾವಳಿ ಬೆಲ್ · ಬೆಳಿಗ್ಗೆ 10:58

ಅದು ಹೌದು. ಅಜ್ಜಿ ಮನೆ ರೂಟಲ್ಲಿ ಎರಡು ಇದ್ದದ್ದು ಎರಡೂ ನಿಂತಿದೆ. ಒಪ್ಪಿದೆ.

ಕೊಪ್ಪದ ಕಡೆಯವ · ಮಧ್ಯಾಹ್ನ 12:10

ಖಾಸಗಿ, ಸರ್ಕಾರಿ ಎರಡೇ ಅಂತ ಮಾತಾಡ್ತಿದೀರಿ. ನಮ್ಮಲ್ಲಿ ಮೂರನೇದೊಂದು ಇತ್ತು. ಮಾಲೀಕರ ಕಂಪನಿ ಮುಚ್ಚಿದ ಮೇಲೆ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಅಂತ ಮಾಡಿದ್ರು, ಕೊಪ್ಪದಲ್ಲಿ. ಡ್ರೈವರೂ ಪಾಲುದಾರ, ಕಂಡಕ್ಟರೂ ಪಾಲುದಾರ, ಮೆಕ್ಯಾನಿಕ್ಕೂ ಪಾಲುದಾರ. ಮಲೆನಾಡಿನ ಮಳೇಲಿ, ಬೇರೆ ಯಾರೂ ಬಸ್ ಬಿಡದ ಘಾಟಿ ಒಳಗೆಲ್ಲ ಹೋಗ್ತಿತ್ತು. ಮಕ್ಕಳಿಗೆ ರಿಯಾಯ್ತಿ ಕೊಡ್ತಿದ್ರು. ಕಂಡಕ್ಟರ್ ನಮ್ಮ ಅಡಿಕೆ ಸ್ಯಾಂಪಲ್ಲು, ಮಾತ್ರೆ ಚೀಟಿ ಎಲ್ಲ ಪೇಟೆಗೆ ತಲುಪಿಸೋರು.

2020ರಲ್ಲಿ ನಿಂತ್ಹೋಯ್ತು. ಡೀಸೆಲ್ ಏರ್ತಾ ಹೋಯ್ತು, ತೆರಿಗೆ ಕಟ್ಟಬೇಕು, ಬಿಡಿಭಾಗ ದುಬಾರಿ. ನನಗೆ ಅನ್ಸೋದು ಇಷ್ಟು: ಸರ್ಕಾರದ ನಿಗಮಕ್ಕೆ ನಷ್ಟ ಆದ್ರೆ ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲುತ್ತೆ. ಅದೇ ಕೆಲಸ ಮಾಡ್ತಿದ್ದ ಇವರಿಗೆ ಯಾರು ನಿಂತ್ರು? ಆ ಬಸ್ ನಿಂತ ದಿನ ಅಪ್ಪ ಸ್ಟಾಪಿಗೆ ಹೋಗಿ ಸುಮ್ನೆ ಕೂತು ಬಂದ್ರು.

ಕಾಫಿಪುಡಿ · ಮಧ್ಯಾಹ್ನ 12:25

ಇದು ಗೊತ್ತೇ ಇರಲಿಲ್ಲ ನನಗೆ.

ಲೆಕ್ಕದ ಪುಸ್ತಕ · ಮಧ್ಯಾಹ್ನ 1:30

ಊಟದ ಹೊತ್ತಲ್ಲಿ ಬರೀತಿದೀನಿ, ತಪ್ಪಿದ್ರೆ ತಿದ್ದಿ.

ಮೂಲ ಗಂಟು ಕಾಯ್ದೆಯಲ್ಲೇ ಇದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ನಿಗಮ ವ್ಯವಹಾರದ ತತ್ವದ ಮೇಲೆ ನಡೀಬೇಕು. ಅದೇ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಸರ್ಕಾರ ನಿರ್ದೇಶನ ಕೊಡಬಹುದು. ಲಾಭ ನಷ್ಟ ನೋಡ್ಕೋ ಅಂತ ಒಂದು ಕಡೆ, ನಾನು ಹೇಳಿದ್ದು ಮಾಡು ಅಂತ ಇನ್ನೊಂದು ಕಡೆ. ದರ ಎಷ್ಟು ಅಂತ ಹೇಳೋದೂ ಸರ್ಕಾರ. 2020ರ ಫೆಬ್ರವರಿಯಲ್ಲಿ ಶೇ 12 ಏರಿಸಿದ್ದು ಬಿಟ್ಟರೆ 2025ರ ಜನವರಿ 5ರವರೆಗೆ ಏರಿಸಲೇ ಇಲ್ಲ. ಬಿಎಂಟಿಸಿಯದಂತೂ 2015ರಿಂದ ಹಾಗೇ ಇತ್ತು. ಆಮೇಲೆ ಒಂದೇ ಸಲ ಶೇ 15. ಗಮನಿಸಿ, ಅರ್ಧಕ್ಕಿಂತ ಹೆಚ್ಚು ಪ್ರಯಾಣಿಕರು ಮಹಿಳೆಯರು, ಅವರ ಟಿಕೆಟ್ ಕೊಳ್ಳೋದು ಸರ್ಕಾರ. ದರ ಏರಿದ ತಕ್ಷಣ ಸರ್ಕಾರದ ಬಿಲ್ಲೂ ಏರಿತು.

ಶಕ್ತಿಗೆ 2025–26ರ ಬಜೆಟ್ಟಿನಲ್ಲಿ ಇಟ್ಟಿದ್ದು 5,300 ಕೋಟಿ. ದೊಡ್ಡ ಮೊತ್ತ, ಅನುಮಾನ ಇಲ್ಲ. ಆದ್ರೆ ಬಜೆಟ್ಟಲ್ಲಿ ಇಟ್ಟಿದ್ದು ಬೇರೆ, ಶೂನ್ಯ ಟಿಕೆಟ್ ಮೌಲ್ಯ ಕೂಡಿಸಿ ನಿಗಮಗಳು ಕೇಳೋದು ಬೇರೆ. ನಡುವಿನದು ಬಾಕಿ. ಆ ಬಾಕಿ ಎಲ್ಲಿ ಕಾಣುತ್ತೆ? ಪಿಎಫ್ ಕಟ್ಟೋಕಾಗಲ್ಲ, ಡೀಸೆಲ್ ಬಿಲ್ ಉಳಿಯುತ್ತೆ. 2025ರ ಜನವರಿಯಲ್ಲಿ ನಾಲ್ಕೂ ನಿಗಮಗಳಿಗೆ 2,000 ಕೋಟಿ ಸಾಲಕ್ಕೆ ಸರ್ಕಾರ ಒಪ್ಪಿದ್ದು ಅದನ್ನ ತೀರಿಸೋಕೆ. ಕೈಸಾಲ ಮಾಡಿ ಚೀಟಿ ಕಂತು ಕಟ್ಟಿದ ಹಾಗೆ. ಅದೇ ವರ್ಷ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 21.17ಕ್ಕೆ ಏರಿತು. ಬಲಗೈಲಿ ಕೊಟ್ಟು ಎಡಗೈಲಿ ಇಸ್ಕೊಳ್ಳೋದು.

ಈಗ ಹುಣಸೇಮರ ಅವರ ಬಸ್ಸಿಗೆ ಬನ್ನಿ. ಇಷ್ಟು ದುಡ್ಡಿನಲ್ಲಿ ಒಂದು ರೂಪಾಯಿನೂ "ಈ ಊರಿಗೆ ಬೆಳಿಗ್ಗೆ ಒಂದು ಬಸ್ ಓಡಿಸು" ಅಂತ ಬರಲ್ಲ. ಟಿಕೆಟ್ಟಿಗೆ ದುಡ್ಡು ಬರುತ್ತೆ, ಟ್ರಿಪ್ಪಿಗೆ ಬರಲ್ಲ. ಟಿಕೆಟ್ ಜಾಸ್ತಿ ಹರಿಯೋ ಕಡೆ ಬಸ್ ಹೋಗುತ್ತೆ.

ಸಿಲ್ಕ್ ಬೋರ್ಡ್ ಸಂತ್ರಸ್ತ · ಮಧ್ಯಾಹ್ನ 1:52

ತಡೀರಿ, ಟ್ರಿಪ್ಪಿಗೆ ದುಡ್ಡು ಕೊಡೋ ಪದ್ಧತಿ ಇದೆಯಲ್ಲ? ನಮ್ಮ ಎಲೆಕ್ಟ್ರಿಕ್ ಬಸ್ಸುಗಳೆಲ್ಲ ಹಾಗೇ. ಬಸ್ಸೂ ಡ್ರೈವರೂ ಕಂಪನಿಯವರದು, ಕಂಡಕ್ಟರ್ ಮಾತ್ರ ಬಿಎಂಟಿಸಿಯವರು. ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಕಂಪನಿಗೆ ಕೊಡ್ತಾರೆ. ಒಳಗೆ ಜನ ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ.

ಲೆಕ್ಕದ ಪುಸ್ತಕ · ಮಧ್ಯಾಹ್ನ 1:58

ಸರಿಯಾಗಿ ಹಿಡಿದ್ರಿ. ಕಂಪನಿ ಬಸ್ಸಿಗೆ ಕಿಮೀ ಲೆಕ್ಕ, ನಿಗಮದ ಸ್ವಂತ ಬಸ್ಸಿಗೆ ಕಲೆಕ್ಷನ್ ಲೆಕ್ಕ.

ಹುಣಸೇಮರ ಸ್ಟಾಪ್ · ಮಧ್ಯಾಹ್ನ 2:10

ಹಾಗಾದ್ರೆ ನಮಗೂ ಎಲೆಕ್ಟ್ರಿಕ್ ಬಸ್ ಕೊಡ್ಲಿ. ಕೇಂದ್ರದವರು ಹತ್ತು ಸಾವಿರ ಬಸ್ ಅಂತಿದ್ರಲ್ಲ.

ಲೆಕ್ಕದ ಪುಸ್ತಕ · ಮಧ್ಯಾಹ್ನ 2:16

ಅದು ಪಿಎಂ ಇ–ಬಸ್ ಸೇವಾ, 2023ರದು. ದೇಶಕ್ಕೆಲ್ಲ ಸೇರಿ 10,000. ಸಾಮಾನ್ಯವಾಗಿ 3 ಲಕ್ಷಕ್ಕಿಂತ ಹೆಚ್ಚು ಜನ ಇರೋ ನಗರಗಳಿಗೆ. ಕೇಂದ್ರದ ಇನ್ನೊಂದು ಯೋಜನೆ ಪಿಎಂ ಇ–ಡ್ರೈವ್‌ನಲ್ಲಿ ಬೆಂಗಳೂರಿಗೆ 4,500 ಅಂತ ಹಂಚಿಕೆ ಆಗಿದೆ, ಅದೂ ದೊಡ್ಡ ನಗರಗಳಿಗೇ. ನಿಮ್ಮೂರಲ್ಲಿ 3 ಲಕ್ಷ ಕೋಳಿ ಇದ್ರೂ ಸಾಕಾಗಲ್ಲ.

ಹುಬ್ಬಳ್ಳಿ ಗಿರ್ಮಿಟ್ · ಸಂಜೆ 5:40

ನಗರಕ್ಕ ಬಂದ್ರೂ ಹಣೇಬರಹ ಅಷ್ಟ ರೀ. ನಮ್ಮಲ್ಲಿ ಹುಬ್ಬಳ್ಳಿ–ಧಾರವಾಡ ನಡುವ 22 ಕಿಲೋಮೀಟರ್ ಚಿಗರಿ ಬಸ್ ಓಡ್ತಾವ, ಬ್ಯಾರೆ ರಸ್ತಾನ ಐತಿ ಅದಕ್ಕ, ಎಸಿ ಐತಿ. ಛಲೋ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಧಾರವಾಡದಾಗ ಇಳದು ನಮ್ಮ ಹಳ್ಳಿಗೆ ಹೋಗಬೇಕಂದ್ರ ಮತ್ತ ಟಂಟಂ. 22 ಕಿಲೋಮೀಟರ್ ಅರ್ಧಾ ತಾಸಿನ್ಯಾಗ ಬಂದು 9 ಕಿಲೋಮೀಟರಿಗೆ ಒಂದೂವರಿ ತಾಸು ಕಾಯೂದು.

ನಮ್ಮೂರ ವಸ್ತಿ (ರಾತ್ರಿ ಹಾಲ್ಟ್) ಬಸ್ ಕಥಿನೂ ಹಿಂಗ ಆಗಿತ್ತು. ಊರ ಹಿರಿಯಾರು ಒಂದ ಕೆಲಸ ಮಾಡಿದ್ರು. ಎಷ್ಟು ಮಂದಿ, ಯಾವ ಊರಿಂದ, ಎಷ್ಟು ಗಂಟೆಕ್ಕ ಅಂತ ಒಂದ ವಾರ ವಹಿ ಹಿಡಕೊಂಡ ಬರದ್ರು. ಸಾಲಿ ಮಾಸ್ತರ ಸಹಿ, ಪಂಚಾಯ್ತಿ ಸಿಕ್ಕಾ. ಅದನ್ನ ಒಯ್ದು ಡಿಪೋದಾಗ ಕೊಟ್ರು. "ಬಸ್ ಬಿಡ್ರಿ" ಅಂತ ಅರ್ಜಿ ಕೊಟ್ರ ಇನ್ನೊಂದ ಅರ್ಜಿ ಅಷ್ಟ. ವಹಿ ಕೊಟ್ರ ಅವರಿಗೂ ಮ್ಯಾಲಿನವರಿಗೆ ತೋರ್ಸಾಕ ಒಂದ ಕಾಗದ ಆಕ್ಕೇತಿ.

ತೊಗರಿ ನಾಡು · ಸಂಜೆ 6:15

ನಮ್ಮ ಕಡಿ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ) ರೊಕ್ಕದಾಗ ಬಸ್ ತಗೊಂಡಿದ್ದ ಅದ. ಅಂದ್ರ ಪ್ರದೇಶದ ಅಭಿವೃದ್ಧಿ ರೊಕ್ಕ ಬಸ್ಸಿಗೂ ಹಾಕಬಹುದು ಅಂತ ಆಯ್ತಲ್ಲ. ಆದರ ಬಸ್ ತಗೊಳೋದು ಒಂದು, ದಿನಾ ಓಡ್ಸೋದು ಇನ್ನೊಂದು. ಹೊಸಾ ಬಸ್ಸಿಗೆ ಹಸಿರು ಬಾವುಟ ತೋರ್ಸಲಿಕ್ಕ ಎಲ್ಲಾರೂ ಬರ್ತಾರ. ಆರು ತಿಂಗಳಾದ ಮ್ಯಾಲ ಟೈರಿಗೆ ರೊಕ್ಕ ಕೊಡಲಿಕ್ಕ ಯಾರೂ ಬರಲ್ಲ.

ಕಡೇ ಸೀಟು · ಸಂಜೆ 6:30

ಶಾಸಕರ ನಿಧಿ ಮರೆತ್ರಲ್ಲ. ನಮ್ಮ ಕ್ರಾಸಲ್ಲಿ ಗ್ರಾನೈಟ್ ಹಾಕಿದ ತಂಗುದಾಣ ಇದೆ. ಮೇಲೆ ಆಳೆತ್ತರದ ಫೋಟೋ, ಹೆಸರು, ಅನುದಾನದ ಮೊತ್ತ. ಬಸ್ ಮಾತ್ರ ಅಲ್ಲಿ ನಿಲ್ಲಲ್ಲ, ವೇಗದೂತ ಅಂತೆ. ಈಗ ಅದರಲ್ಲಿ ಎಳನೀರು ವ್ಯಾಪಾರ. ಈ ಒಂದು ವಿಷಯಕ್ಕೆ ಕಾಫಿಪುಡಿ ಮೇಡಂ ಕೂಡ ಒಪ್ತಾರೆ ಅನ್ಕೋತೀನಿ.

ಕಾಫಿಪುಡಿ · ಸಂಜೆ 6:34

ಒಪ್ಪಿದೆ. ಎಳನೀರು ಎಷ್ಟು?

ಕಡೇ ಸೀಟು · ಸಂಜೆ 6:35

60. ಹುಣಸೇಮರದ ಆಟೋ ರೇಟು.

ಮ್ಯಾಂಚೆಸ್ಟರ್ ಮಳೆ · ರಾತ್ರಿ 11:20

ಹಾಸನದವನು, ಈಗ ಮ್ಯಾಂಚೆಸ್ಟರಿನಲ್ಲಿದ್ದೇನೆ. "ಫಾರಿನ್ ಕಥೆ ಶುರು" ಅಂತ ಬೈಯೋ ಮುಂಚೆ ಎರಡು ಮಾತು. ಇಲ್ಲಿ 1986ರಲ್ಲಿ, ಲಂಡನ್ ಬಿಟ್ಟು ಉಳಿದ ಕಡೆ, ಬಸ್ಸನ್ನು ಖಾಸಗಿಯವರಿಗೆ ಬಿಟ್ಟುಬಿಟ್ಟರು. ಲಾಭದ ರೂಟನ್ನು ಕಂಪನಿಗಳು ಹಿಡಿದವು. ಲಾಭ ಇಲ್ಲದ್ದು ಸ್ಥಳೀಯ ಆಡಳಿತದ ಪಾಲಿಗೆ: "ಈ ಬಸ್ ಜನರಿಗೆ ಬೇಕು" ಅನ್ನಿಸಿದರೆ ಅವರೇ ದುಡ್ಡು ಕೊಟ್ಟು ಟೆಂಡರ್ ಕರೆಯಬೇಕು. ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬಿದ್ದಿದ್ದು ಅದಕ್ಕೇ. ಕೊನೆಗೆ ಗ್ರೇಟರ್ ಮ್ಯಾಂಚೆಸ್ಟರಿನವರು 2023ರ ಸೆಪ್ಟೆಂಬರಿನಿಂದ ಶುರುಮಾಡಿ 2025ರ ಜನವರಿ ಹೊತ್ತಿಗೆ ಎಲ್ಲ ಬಸ್ಸನ್ನೂ ಮತ್ತೆ ಸಾರ್ವಜನಿಕ ಹಿಡಿತಕ್ಕೆ ತಂದರು. ರೂಟು, ಟೈಮು, ದರ ಆಡಳಿತದ್ದು, ಓಡಿಸೋದು ಕಂಪನಿ. ಈಗ ಎಲ್ಲ ಹಳದಿ ಬಸ್ಸು.

ನನಗೆ ಹಿಡಿಸಿದ್ದು ಬಣ್ಣ ಅಲ್ಲ. ಒಂದು ಬಸ್ ನಿಂತರೆ ಯಾರನ್ನು ಕೇಳಬೇಕು ಅಂತ ಗೊತ್ತಿದೆ. ಹಾಸನದಲ್ಲಿ ನಮ್ಮಪ್ಪ ಡಿಪೋಗೆ ಹೋದರೆ "ವಿಭಾಗಕ್ಕೆ ಹೋಗಿ" ಅಂತಾರೆ, ಅಲ್ಲಿ ಹೋದರೆ "ಬೆಂಗಳೂರಿಂದ ಬರಬೇಕು".

ಹುಬ್ಬಳ್ಳಿ ಗಿರ್ಮಿಟ್ · ರಾತ್ರಿ 11:31

ಅಲ್ಲಿ ಟಿಕೆಟ್ ಎಷ್ಟ ರೀ?

ಮ್ಯಾಂಚೆಸ್ಟರ್ ಮಳೆ · ರಾತ್ರಿ 11:33

2025ರಲ್ಲಿ ಒಂದು ಸಲಕ್ಕೆ 2 ಪೌಂಡ್ ಇತ್ತು. ರೂಪಾಯಿಗೆ ಬದಲಾಯಿಸಬೇಡಿ, ಹೊಟ್ಟೆ ಉರಿಯುತ್ತೆ.

ಕಡೇ ಸೀಟು · ಮಂಗಳವಾರ ಬೆಳಿಗ್ಗೆ 8:00

ನಮ್ಮ ಕೆಎಸ್ಸಾರ್ಟಿಸಿಯೂ 1961ರಲ್ಲಿ ಹುಟ್ಟಿದಾಗ ಲಾಭಕ್ಕೆ ಅಂತ ಹುಟ್ಟಿರಲಿಲ್ಲ ಬಿಡಿ. ಆಮೇಲೆ ನಾಲ್ಕು ಹೋಳು ಮಾಡಿದ್ದೇ ತಪ್ಪು.

ನಿವೃತ್ತ ಟಿಸಿ · ಬೆಳಿಗ್ಗೆ 8:25

1961ರ ಆಗಸ್ಟ್ 1 ನಿಗಮ ಆದ ದಿನ. ಬಸ್ಸು ಓಡಲು ಶುರುವಾಗಿದ್ದು ಅದಕ್ಕಿಂತ ಮುಂಚೆ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರದ ಇಲಾಖೆಯಾಗಿ, 120 ಬಸ್ಸಿನಿಂದ. 1997ರಲ್ಲಿ ಬಿಎಂಟಿಸಿ ಮತ್ತು ವಾಯವ್ಯ, 2000ದಲ್ಲಿ ಈಶಾನ್ಯ, ಅದೇ ಈಗಿನ ಕಲ್ಯಾಣ ಕರ್ನಾಟಕ. ಹೋಳು ಮಾಡಿದ್ದು ತಪ್ಪೆಂದು ನಾನು ಹೇಳಲ್ಲ. ಕಲಬುರಗಿಯವರ ಟೈರು ಬೆಂಗಳೂರಿನಿಂದ ಮಂಜೂರಾಗಬೇಕಿದ್ದ ಕಾಲ ನೋಡಿದ್ದೇನೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಸಿಬ್ಬಂದಿ. 2020ರ ಜನವರಿಯಿಂದ 38 ತಿಂಗಳ ವೇತನ ಪರಿಷ್ಕರಣೆ ಬಾಕಿಗಾಗಿ 2025ರ ಆಗಸ್ಟ್ 5ರಂದು ಮುಷ್ಕರ ಆಯಿತು, ಹೈಕೋರ್ಟ್ ತಡೆಯಿತು. ಬಸ್ ಇದ್ದರೂ ಬೆಳಿಗ್ಗೆ 5 ಗಂಟೆಗೆ ಸ್ಟೀರಿಂಗ್ ಹಿಡಿಯೋಕೆ ಜನ ಬೇಕಲ್ಲ. ಡ್ಯೂಟಿ ಮೇಲೆ ಡ್ಯೂಟಿ ಮಾಡಿದವನಿಗೆ ನೈಟ್ ಹಾಲ್ಟ್ ಹಾಕಿದರೆ ರಜಾ ಚೀಟಿ ಬರೆಯುತ್ತಾನೆ. ನಾನಾಗಿದ್ದರೂ ಬರೆಯುತ್ತಿದ್ದೆ. ನಮ್ಮ ಕಾಲದಲ್ಲಿ ಸಾರು ಕಳಿಸೋ ಅಮ್ಮಂದಿರು ಇದ್ದರು, ಹಾಲ್ಟ್ ಅಂದರೆ ಬೇಸರ ಇರಲಿಲ್ಲ. ಈಗ ಆ ರೂಮಿನ ಬಾಗಿಲೂ ಮುರಿದಿರುತ್ತೆ.

ಹುಣಸೇಮರ ಸ್ಟಾಪ್ · ಬೆಳಿಗ್ಗೆ 8:40

ಸರ್, ನಿಮಗೆ ಹೇಗೆ ಗೊತ್ತಾಯ್ತು? ನಿಜವಾಗಿಯೂ ಮುರಿದಿದೆ. ಕರೆಂಟೂ ಕಿತ್ತಿದ್ದಾರೆ.

ಹುಣಸೇಮರ ಸ್ಟಾಪ್ · ಮುಂದಿನ ಮಂಗಳವಾರ ರಾತ್ರಿ 8:50

ಅಪ್‌ಡೇಟ್. ಹುಬ್ಬಳ್ಳಿಯವರು ಹೇಳಿದ ಹಾಗೇ ಮಾಡಿದ್ವಿ. ನಮ್ಮ ರೂಟಿನ ಆರು ಊರಲ್ಲಿ ಒಬ್ಬೊಬ್ಬರಿಗೆ ಒಂದೊಂದು ನೋಟ್‌ಬುಕ್. ಬೆಳಿಗ್ಗೆ 7ರಿಂದ 8ರೊಳಗೆ ಪೇಟೆಗೆ ಹೊರಡೋರು, ಆಟೋ, ಬೈಕು, ಹಾಲಿನ ಗಾಡಿ ಹಿಂದೆ, ಎಲ್ಲ ಸೇರಿಸಿ. ದಿನಕ್ಕೆ 71 ಜನ ಬಂತು ಸರಾಸರಿ. ಅದರಲ್ಲಿ 38 ಹೆಣ್ಮಕ್ಕಳು, 26 ಪಾಸಿನ ಹುಡುಗರು. ದುಡ್ಡು ಕೊಡೋ ಗಂಡಸರು ಏಳೇ ಜನ! ಟಿಸಿ ಸರ್ ಬಾಯಿಂದ ಬಂದಿದ್ದು ಹಾಗೇ ಆಯ್ತು. ಕಾಲೇಜ್ ಪ್ರಿನ್ಸಿಪಾಲರು ಲೇಟ್ ಹಾಜರಿ ಪಟ್ಟಿ ಕೊಟ್ರು. ಪಂಚಾಯ್ತಿಯವರು ಹಾಲ್ಟ್ ರೂಮಿನ ಬಾಗಿಲು ಮಾಡಿಸಿಕೊಡ್ತೀವಿ ಅಂತ ಬರೆದುಕೊಟ್ರು, ಸಾರಿನ ಜವಾಬ್ದಾರಿ ಅಮ್ಮನದು.

ಮ್ಯಾನೇಜರ್ ಒಳ್ಳೆಯವರೇ. ಮೊದಲನೇ ಸಲ ಕೂರಿಸಿ ಮಾತಾಡಿದ್ರು. "38 ಶೂನ್ಯ ಟಿಕೆಟ್ ದಿನಾ ಬಿದ್ರೆ ನಾನು ಮೇಲೆ ಹೇಳ್ಕೋಬಹುದು" ಅಂದ್ರು. ನಿನ್ನೆ ಸೋಮವಾರದಿಂದ 7:20ರ ಬಸ್ ಬರ್ತಿದೆ!

ಕಾಫಿಪುಡಿ · ರಾತ್ರಿ 8:55

ಭೇಷ್! 👏 ಎಲ್ಲ ಹುಡುಗಿಯರಿಗೂ ಹೇಳಿ, ಟಿಕೆಟ್ ಇಸ್ಕೊಳ್ಳದೆ ಇಳೀಬೇಡಿ ಅಂತ.

ಹುಬ್ಬಳ್ಳಿ ಗಿರ್ಮಿಟ್ · ರಾತ್ರಿ 9:01

ನಮಗೊಂದ ಪಾರ್ಟಿ ಆಗ್ಬೇಕ ನೋಡ್ರಿ.

ನಿವೃತ್ತ ಟಿಸಿ · ರಾತ್ರಿ 9:20

ಸಂತೋಷ. ಒಂದು ಪ್ರಶ್ನೆ ಕೇಳಲಾ? ಹೊಸ ಬಸ್ ಕೊಟ್ಟರಾ, ಹೊಸ ಕ್ರೂ ಕೊಟ್ಟರಾ?

ಹುಣಸೇಮರ ಸ್ಟಾಪ್ · ರಾತ್ರಿ 9:34

ಅಲ್ಲಿಗೇ ಬರ್ತೀರಿ ಅಂತ ಗೊತ್ತಿತ್ತು. ಇಲ್ಲ ಸರ್. ಹಾಲ್ಟ್ ಕೂಡ ಸದ್ಯಕ್ಕಿಲ್ಲ. 9:05ರ ಬಸ್ಸನ್ನೇ 7:20ಕ್ಕೆ ಬಿಡ್ತಿದ್ದಾರೆ. ಈಗ 7:20 ಬಿಟ್ರೆ ಮುಂದಿನದು 11:40. 9:05ಕ್ಕೆ ಹೋಗ್ತಿದ್ದೋರು ಬಿಪಿ, ಶುಗರ್ ಮಾತ್ರೆಗೆ ಆಸ್ಪತ್ರೆಗೆ ಹೋಗೋ ವಯಸ್ಸಾದವರು, ತಾಲ್ಲೂಕು ಕಚೇರಿಗೆ ಹೋಗೋರು. ನಾವು ನೋಟ್‌ಬುಕ್ಕಲ್ಲಿ 7ರಿಂದ 8 ಅಂತ ಮಾತ್ರ ಬರೆದಿದ್ದು, ಅವರನ್ನ ಎಣಿಸಲೇ ಇಲ್ಲ. ಅದರಲ್ಲಿ ನಮ್ಮ ಚಿಕ್ಕಮ್ಮನೂ ಒಬ್ಬರು. ನಿನ್ನೆಯಿಂದ ನನ್ನ ಜೊತೆ ಮಾತಿಲ್ಲ.

ಕೋಳಿಸಾರು · ರಾತ್ರಿ 9:37

ಚಿಕ್ಕಮ್ಮಂಗೆ ಹೇಳಿ, 7:20ಕ್ಕೇ ಹೋಗಿ ಪೇಟೇಲಿ ಬಿಸಿಬಿಸಿ ಇಡ್ಲಿ ತಿಂದು ಆಸ್ಪತ್ರೆ ಬಾಗಿಲು ತೆಗೆಯೋವರೆಗೂ ಕೂತಿರಲಿ ಅಂತ.

ಹುಣಸೇಮರ ಸ್ಟಾಪ್ · ರಾತ್ರಿ 9:41

ಅಣ್ಣನ ಮಗಳ ಕೈಲಿ ಹೇಳಿ ಕಳಿಸಿದ್ದೆ. "ಬಸ್ಸೇನೋ ಫ್ರೀ, ಇಡ್ಲಿಗೆ ನಿಮ್ಮ ಚಿಕ್ಕಪ್ಪ ಕೊಡ್ತಾನಾ" ಅಂದ್ರಂತೆ. ನಾಳೆಯಿಂದ ಇನ್ನೊಂದು ನೋಟ್‌ಬುಕ್ ಶುರು, 8ರಿಂದ 10ರವರೆಗೆ. ಈ ಸಲ ಬರೆಯೋರು ಚಿಕ್ಕಮ್ಮನೇ.